ಜೈಲಿನಿಂದ ಕರೆಸಿ ಉಪ್ಪು ಮಾಡಿಸಿಕೊಂಡ ಸರ್ಕಾರ

1809ರಲ್ಲಿ ನಾರ್ವೆಯಲ್ಲಿ ಉಪ್ಪಿಗೆ ತತ್ವಾರ. ಬ್ರಿಟನ್ ಜೊತೆ ಯುದ್ಧ ನಡೆದಿತ್ತು, ಇಂಗ್ಲಿಷ್ ಹಡಗುಗಳು ಸಮುದ್ರದ ದಾರಿ ಕಟ್ಟಿಹಾಕಿದ್ದವು. ಉಪ್ಪಿಲ್ಲದಿದ್ದರೆ ಚಳಿಗಾಲಕ್ಕೆ ಮೀನು, ಮಾಂಸ ಕೆಡದಂತೆ ಇಡೋದು ಹೇಗೆ? ಆಗ ಸರ್ಕಾರಕ್ಕೆ ನೆನಪಾದದ್ದು ಒಬ್ಬ ಕೈದಿ. ಐದು ವರ್ಷದಿಂದ ಕ್ರಿಸ್ತಿಯಾನಿಯಾದ, ಅಂದರೆ ಇಂದಿನ ಓಸ್ಲೋದ, ಜೈಲಿನಲ್ಲಿದ್ದ ಕ್ರೈಸ್ತ ಬೋಧಕ ಹನ್ಸ್ ನೀಲ್ಸೆನ್ ಹೌಗೆ. ಅವರನ್ನು ಹೊರಗೆ ಬಿಟ್ಟರು. ಕರಾವಳಿಗೆ ಹೋಗಿ ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುವ ಕೇಂದ್ರಗಳನ್ನು ಅವರು ಶುರು ಮಾಡಿಸಿದರು. ಕೆಲಸ ಮುಗಿಯಿತು. ಮತ್ತೆ ಜೈಲಿಗೆ ಹಾಕಿದರು.

ಇದನ್ನು ಓದಿದಾಗ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹೌಗೆ ಹುಟ್ಟಿದ್ದು 1771ರಲ್ಲಿ, ರೈತರ ಮನೆಯಲ್ಲಿ. ಓದು ಅಷ್ಟಕ್ಕಷ್ಟೇ, ಕೈಗೆಲಸ ಮಾತ್ರ ಚೆನ್ನಾಗಿ ಬರುತ್ತಿತ್ತು. 1796ರ ಏಪ್ರಿಲ್‌ನಲ್ಲಿ ಹೊಲ ಉಳುತ್ತಾ ಹಾಡುತ್ತಿದ್ದಾಗ ದೇವರೇ ತನ್ನನ್ನು ಕರೆದ ಅನುಭವ ಆಯಿತು. ಮುಂದಿನ ವರ್ಷಗಳಲ್ಲಿ ದೇಶವೆಲ್ಲ ಸುತ್ತಿ ಬೋಧನೆ ಮಾಡಿದರು, ಬಹುಪಾಲು ಕಾಲ್ನಡಿಗೆಯಲ್ಲೇ. ಕೈ ಸುಮ್ನೆ ಇರಬಾರದು ಅಂತ ನಡೆಯುತ್ತಲೇ ಉಣ್ಣೆ ಹೆಣೆಯುತ್ತಿದ್ದರು. ಪಾದ್ರಿಯ ಒಪ್ಪಿಗೆ ಇಲ್ಲದೆ ಜನ ಪ್ರಾರ್ಥನಾ ಸಭೆ ಸೇರಬಾರದು ಅನ್ನುವ 1741ರ ಕಾನೂನು ಆಗ ಜಾರಿಯಲ್ಲಿತ್ತು. ಹಾಗಾಗಿ ಹೋದಲ್ಲೆಲ್ಲ ಬಂಧನ.

ಬೋಧಕ ಹೌಗೆ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನನ್ನನ್ನು ಹಿಡಿದಿಟ್ಟವರು ವ್ಯಾಪಾರಿ ಹೌಗೆ. ಆ ಕಾಲದಲ್ಲಿ ಪಟ್ಟಣದಲ್ಲಿ ವ್ಯಾಪಾರ ಮಾಡೋಕೆ ವಿಶೇಷ ಹಕ್ಕು ಬೇಕಿತ್ತು. 1801ರಲ್ಲಿ ಅವರು ಬರ್ಗೆನ್‌ನಲ್ಲಿ ಆ ಹಕ್ಕು ಪಡೆದರು. ಹಡಗುಗಳಲ್ಲಿ ಉತ್ತರಕ್ಕೆ ಧಾನ್ಯ ಕಳಿಸಿದರು, ಅಲ್ಲಿಂದ ಮೀನು ತರಿಸಿದರು. ಅದೇ ಹೊತ್ತಿಗೆ ಐಕರ್ ಎಂಬಲ್ಲಿ ಗೆಳೆಯರ ಜೊತೆ ಸೇರಿ ಕಾಗದದ ಗಿರಣಿ ಕಟ್ಟಿದರು. ಬೇರೆಯವರು ಕೆಲಸಕ್ಕೆ ಇಟ್ಟುಕೊಳ್ಳದ ಅಂಗವಿಕಲರಿಗೂ ಅಲ್ಲಿ ಕೆಲಸ ಸಿಕ್ಕಿತು. ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಈ ಗಿರಣಿ. ಭಿಕ್ಷೆ ಹಾಕಿ ಕಳಿಸುವುದು ಸುಲಭ. ಬಾ, ಇಲ್ಲಿ ನಿನಗೂ ಒಂದು ಕೆಲಸವಿದೆ ಅನ್ನೋಕೆ ಬೇರೆಯೇ ಮನಸ್ಸು ಬೇಕು, ಅಲ್ವಾ?

ಅವರ ಕ್ರಮ ಸರಳವಾಗಿತ್ತು. ಮಾರಾಟಕ್ಕಿರುವ ಗಿರಣಿಯೋ ಜಮೀನೋ ಕಂಡರೆ, ಅದನ್ನು ನಡೆಸಬಲ್ಲ ನಂಬಿಕಸ್ಥ ಹುಡುಗನನ್ನು ಹುಡುಕುವುದು. ಬಂಡವಾಳಕ್ಕೆ ಗೆಳೆಯರಿಂದ ಸಾಲ ಕೊಡಿಸುವುದು. ಆಸ್ತಿ ದೇವರದ್ದು, ನಾವು ಬರೀ ನೋಡಿಕೊಳ್ಳುವವರು ಅನ್ನುವುದು ಅವರ ನಂಬಿಕೆ. ದುಡ್ಡು ಒಂದು ಕಡೆ ನಿಲ್ಲದೆ ಹೊಸಬರ ಕೈಗೆ ಹೋಗುತ್ತಿತ್ತು. ಜೊತೆಗೆ ಅವರ ಪುಸ್ತಕಗಳು. ಒಂಬತ್ತು ಲಕ್ಷವೂ ಜನರಿಲ್ಲದ ದೇಶದಲ್ಲಿ ಅವು ಸುಮಾರು ಎರಡು ಲಕ್ಷ ಪ್ರತಿ ಹರಡಿದವು ಅಂತಾರೆ. ಸಾರಾ ಔಸ್ಟ್‌ ಅವರಂಥ ಹೆಣ್ಣುಮಕ್ಕಳೂ ಈ ಗುಂಪಿನಲ್ಲಿ ಎದ್ದು ನಿಂತು ಬೋಧಿಸಿದರು.

ಅವರದ್ದೆಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಅವರ ಅನುಯಾಯಿಗಳಿಗೆ ಕುಣಿತವೂ ಪಿಟೀಲೂ ಪಾಪ. ಹಳ್ಳಿಯ ಸಂಗೀತಕ್ಕೆ ಅದರಿಂದ ನಷ್ಟವಾಯಿತು, ಅದನ್ನು ಮುಚ್ಚಿಡಬಾರದು.

ಆದರೆ ಅಧಿಕಾರಿಗಳಿಗೆ ಹೆದರಿಕೆ ಹುಟ್ಟಿಸಿದ್ದು ಅದಲ್ಲ. ರೈತರ ಮಕ್ಕಳು ಓದಿ, ಲೆಕ್ಕ ಬರೆದು, ಗಿರಣಿ ನಡೆಸಿ, ಊರೂರಿನ ನಡುವೆ ಪತ್ರ ಓಡಾಡಿಸುತ್ತಿದ್ದರು. ಹೌಗೆ ಭಕ್ತರ ದುಡ್ಡನ್ನೆಲ್ಲ ಒಂದು ಖಜಾನೆಗೆ ಸೇರಿಸಿಕೊಳ್ಳುತ್ತಿದ್ದಾನೆ ಅನ್ನುವ ಗುಮಾನಿ ಬೇರೆ. 1804ರ ಅಕ್ಟೋಬರ್‌ನಲ್ಲಿ ಐಕರ್‌ನಲ್ಲೇ ಅವರನ್ನು ಹಿಡಿದರು. ಆಸ್ತಿ ಮುಟ್ಟುಗೋಲು ಹಾಕಿದರು. ದೇಶದ ಉದ್ದಗಲಕ್ಕೂ ನೂರಾರು ಸಾಕ್ಷಿಗಳ ಹೇಳಿಕೆ ಪಡೆದರು. ವಿಚಾರಣೆ ವರ್ಷಗಟ್ಟಲೆ ಎಳೆಯಿತು, ಹೌಗೆ ಅವರ ಆರೋಗ್ಯ ಕುಸಿಯಿತು. 1813ರಲ್ಲಿ ಎರಡು ವರ್ಷ ಕಠಿಣ ದುಡಿಮೆಯ ಶಿಕ್ಷೆ ಕೊಟ್ಟರು. 1814ರ ಕೊನೆಗೆ ಮೇಲ್ಮನವಿಯಲ್ಲಿ ಅದು 1000 ರಿಕ್ಸ್‌ಡಾಲರ್ ದಂಡವಾಯಿತು, ಜೊತೆಗೆ ಕೋರ್ಟ್ ಖರ್ಚು. ಹತ್ತು ವರ್ಷ ಒಬ್ಬ ಮನುಷ್ಯನನ್ನು ಹಿಂಡಿ, ಕೊನೆಗೆ ದಂಡ ಕಟ್ಟು ಅಂದರು!

ಅದೇ 1814ರಲ್ಲಿ ಐಡ್ಸ್‌ವೋಲ್‌ನಲ್ಲಿ ನಾರ್ವೆಯ ಸಂವಿಧಾನ ಬರೆದ ಸಭೆಯಲ್ಲಿ ಹೌಗೆ ಅನುಯಾಯಿಗಳಾದ ರೈತರೂ ಕೂತಿದ್ದರು. ಹೌಗೆ 1824ರಲ್ಲಿ ತೀರಿಕೊಂಡರು, 52ನೇ ವಯಸ್ಸಿಗೇ. ಅವರನ್ನು ಜೈಲಿಗೆ ಕಳಿಸಿದ ಆ 1741ರ ಕಾನೂನು ರದ್ದಾಗಲು 1842 ಬರಬೇಕಾಯಿತು.