ಸಾಸಿವೆ ತುಂಬಿದ ಗೂಡ್ಸ್ ಗಾಡಿ

ಪ್ಯಾಸೆಂಜರ್ ರೈಲಿಗೆ ಯಾರೂ ಕಾರಣ ಕೇಳುವುದಿಲ್ಲ. ಜನ ಎಂದಮೇಲೆ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಲೇ ಇರುತ್ತಾರೆ: ಕೆಲಸಕ್ಕೆ, ಕೋರ್ಟಿಗೆ, ತವರಿಗೆ, ಇಲ್ಲವೇ ಸುಮ್ಮನೆ. ಗೂಡ್ಸ್ ಗಾಡಿಯ ಜಾತಿಯೇ ಬೇರೆ. ಅದು ಹೊರಡಬೇಕಾದರೆ ಈ ತುದಿಯಲ್ಲಿ ಯಾರಾದರೂ ಏನನ್ನಾದರೂ ಅಗೆದಿರಬೇಕು, ಬೆಳೆದಿರಬೇಕು, ಅರೆದಿರಬೇಕು. ಆ ತುದಿಯಲ್ಲಿ ಅದಕ್ಕಾಗಿ ಯಾರಾದರೂ ಕಾದು ಕೂತಿರಬೇಕು. ಮೇಜಿನ ಮೇಲೆ ಪುಟ್ಟ ರೈಲು ಓಡಿಸುವ ಚಟ ಇರುವವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಪ್ಯಾಸೆಂಜರ್ ಗಾಡಿಯನ್ನು ತಂದು ಸ್ಟೇಷನ್ನಿನಲ್ಲಿ ನಿಲ್ಲಿಸಿ, ಮತ್ತೆ ಬಿಟ್ಟರೆ ಮುಗಿಯಿತು. ಗೂಡ್ಸ್ ಬಂತೆಂದರೆ ಪಕ್ಕದ ಮನೆಯ ಹುಡುಗಿ "ಅಂಕಲ್, ಇದರೊಳಗೆ ಏನಿದೆ?" ಅನ್ನುತ್ತಾಳೆ. ಏನೋ ಒಂದು ಹೇಳಬೇಕು. ಹೇಳಲು ಹೊರಟವನು ಕಾರ್ಖಾನೆ ಕಟ್ಟಬೇಕು. ಕಾರ್ಖಾನೆ ಇದ್ದಮೇಲೆ ಗೇಟು ಬೇಕು, ಗೇಟಿನ ಮುಂದೆ ಲಾರಿ ಬೇಕು, ಲಾರಿಯ ಪಕ್ಕ ಬೀಡಿ ಸೇದುತ್ತಾ ನಿಂತ ಡ್ರೈವರ್ ಬೇಕು. ಆಟ ಅಂತ ಶುರುಮಾಡಿದ್ದು ವ್ಯಾಪಾರಕ್ಕೆ ತಿರುಗುತ್ತದೆ, ಲಾಭವೊಂದು ಬಿಟ್ಟು.

ನಾನಿರುವುದು ಡಬ್ಲಿನ್ನಿನಲ್ಲಿ. ಹಾಗಾಗಿ ನನ್ನ ಹಲಗೆಯ ಮೇಲೆ ಓಡುವುದು ಐರ್ಲೆಂಡಿನ ಗೂಡ್ಸು. ಈ ಆಯ್ಕೆ ಕೇಳಿ ಇಲ್ಲಿನವರೇ ನಗುತ್ತಾರೆ. ಈ ದೇಶದ ಒಟ್ಟು ಸರಕು ಸಾಗಣೆಯಲ್ಲಿ ರೈಲಿನ ಪಾಲು ನೂರಕ್ಕೆ ಒಂದೂ ಇಲ್ಲ. ಆಗುವುದಾದರೂ ಹೇಗೆ? ಡಬ್ಲಿನ್ನಿನಿಂದ ಕಾರ್ಕ್‌ಗೆ ರೈಲಿನಲ್ಲಿ 266 ಕಿಲೋಮೀಟರು. ಬೆಳಿಗ್ಗೆ ಹೊರಟ ಲಾರಿಯವನು ಮಧ್ಯಾಹ್ನದ ಊಟಕ್ಕೆ ಮುಂಚೆ ಸಾಮಾನು ಇಳಿಸಿರುತ್ತಾನೆ. ಕಡಲಾಚೆಗೆ ಹೋಗಬೇಕೆಂದರೆ ಲಾರಿ ತಾನೇ ಹಡಗು ಹತ್ತಿ, ಆ ದಡದಲ್ಲಿ ತಾನೇ ಇಳಿದು ಹೋಗುತ್ತದೆ. ನಡುವೆ ರೈಲಿಗೆ ಏನು ಕೆಲಸ?

ಆದರೂ ಕೆಲವು ಉಳಿದಿವೆ. ನ್ಯಾವನ್ ಹತ್ತಿರದ ಟಾರಾ ಗಣಿಯಿಂದ ಸತು ಮತ್ತು ಸೀಸದ ಅದಿರು 1977ರಿಂದ ಡಬ್ಲಿನ್ ಬಂದರಿಗೆ ಬರುತ್ತಿದೆ. 2023ರಲ್ಲಿ ಗಣಿ ಬಾಗಿಲು ಹಾಕಿ ಮರುವರ್ಷ ಮತ್ತೆ ತೆರೆಯಿತು. ಪಶ್ಚಿಮದ ಮೇಯೊ ಕೌಂಟಿಯಿಂದ ಮರದ ದಿಮ್ಮಿಗಳು ಆಗ್ನೇಯದ ವಾಟರ್‌ಫರ್ಡ್‌ಗೆ ಹೋಗುತ್ತವೆ. ಅದೇ ಮೇಯೊದ ಬ್ಯಾಲಿನಾ ಎಂಬ ಸಣ್ಣ ಊರಿನಿಂದ ಕಂಟೇನರ್ ಗಾಡಿಗಳು ಹೊರಡುತ್ತವೆ. ಕೋಕಾಕೋಲಾದ ಮೂಲದ್ರವ್ಯ ತಯಾರಿಸುವ ಕಾರ್ಖಾನೆ ಇರುವ ಊರದು.

ಅದಿರಿನ ಗಾಡಿಯನ್ನು ಒಮ್ಮೆ ಬಂದರಿನ ಅಲೆಕ್ಸಾಂಡ್ರಾ ರೋಡಿನಲ್ಲಿ ನಿಂತು ನೋಡಬೇಕು. ಅಲ್ಲಿ ಹಳಿ ರಸ್ತೆಯೊಳಗೇ ಹೂತುಕೊಂಡಿದೆ, ನಮ್ಮ ಲೆವೆಲ್ ಕ್ರಾಸಿಂಗನ್ನು ಉದ್ದಕ್ಕೂ ಎಳೆದ ಹಾಗೆ. 1976ರಲ್ಲಿ ಅಮೆರಿಕದಲ್ಲಿ ತಯಾರಾದ 071 ದರ್ಜೆಯ ಎಂಜಿನ್ನು, 2,475 ಅಶ್ವಶಕ್ತಿಯದು, ಬೂದು ಧೂಳು ಮೆತ್ತಿದ ವ್ಯಾಗನ್ನುಗಳನ್ನು ಕಟ್ಟಿಕೊಂಡು ಕಾರು ಲಾರಿಗಳ ಪಕ್ಕದಲ್ಲೇ ತೆವಳುತ್ತದೆ. ಅದರ ವೇಗ ಹಳದಿ ಜಾಕೆಟ್ಟು ತೊಟ್ಟು ದಾರಿ ಬಿಡಿಸುತ್ತಾ ನಡೆಯುವ ಮನುಷ್ಯನ ವೇಗ. ಅವನು ನಿಂತರೆ ಗಾಡಿಯೂ ನಿಲ್ಲಬೇಕು. ಇದನ್ನು ನೋಡಿದ ಮೇಲೆ ಮನೆಯಲ್ಲಿ ಪುಟ್ಟ ಗಾಡಿಯನ್ನು ಬುಸ್ಸೆಂದು ಓಡಿಸಲು ಮನಸ್ಸು ಬರುವುದಿಲ್ಲ.

ಎಂಜಿನ್ನಿನ ಮಾತು ಬಂತಲ್ಲ, ಹುಬ್ಬಳ್ಳಿ ಕಡೆಯವರಿಗಾಗಿ ಒಂದು ವಿಷಯ. 071ರ ತಮ್ಮನಂಥ 201 ದರ್ಜೆಯ ಎಂಜಿನ್ನುಗಳು 1994-95ರಲ್ಲಿ ಕೆನಡಾದಿಂದ ಇಲ್ಲಿಗೆ ಬಂದವು. ಮೊದಲನೆಯದನ್ನು ಆಂಟೊನೋವ್ ವಿಮಾನದ ಹೊಟ್ಟೆಯಲ್ಲಿಟ್ಟು ಡಬ್ಲಿನ್ನಿಗೆ ಹಾರಿಸಿಕೊಂಡೇ ಬಂದರು! ಅವುಗಳೊಳಗಿರುವುದು ಜನರಲ್ ಮೋಟಾರ್ಸ್‌ನ 710 ಸರಣಿಯ 12 ಸಿಲಿಂಡರಿನ ಯಂತ್ರ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್ನುಗಳಲ್ಲಿರುವುದೂ ಅದೇ ಸರಣಿಯದು, 16 ಸಿಲಿಂಡರಿನದು. ಕ್ಯಾಸಲ್‌ರಾಕ್ ಘಾಟಿಯಲ್ಲಿ ಆ ಗುಡುಗು ಕೇಳಿದ ಕಿವಿ ಇಲ್ಲಿ ಕಣ್ಣು ಮುಚ್ಚಿಕೊಂಡು ನಿಂತರೂ ಮನೆತನ ಗುರುತಿಸುತ್ತದೆ.

ಇನ್ನು ಅಳತೆಯ ತಾಪತ್ರಯ. ಐರ್ಲೆಂಡಿನ ಹಳಿಗಳ ನಡುವಿನ ಅಂತರ ಐದಡಿ ಮೂರಿಂಚು. ಪಕ್ಕದ ಇಂಗ್ಲೆಂಡಿನಲ್ಲಿ ನಾಲ್ಕಡಿ ಎಂಟೂವರೆ ಇಂಚು, ನಮ್ಮ ಬ್ರಾಡ್‌ಗೇಜಿನಲ್ಲಿ ಐದೂವರೆ ಅಡಿ. ಶುರುವಿನಲ್ಲಿ ಇಲ್ಲಿ ಮೂರು ಕಂಪನಿಗಳು ಮೂರು ಅಳತೆ ಹಿಡಿದು ಜಗಳವಾಡುತ್ತಿದ್ದವು. ಪಂಚಾಯಿತಿ ಮಾಡಿದವರು ಯಾರ ಅಳತೆಯೂ ಅಲ್ಲದ ಇನ್ನೊಂದನ್ನು ಗೊತ್ತುಮಾಡಿದರು, 1846ರ ಕಾಯ್ದೆ ಅದಕ್ಕೆ ಮುದ್ರೆ ಒತ್ತಿತು. ಈ ಹೊತ್ತಿಗೆ ಆಸ್ಟ್ರೇಲಿಯಾದ ಕೆಲವು ಭಾಗ ಮತ್ತು ಬ್ರೆಜಿಲ್ ಬಿಟ್ಟರೆ ಈ ಅಳತೆಗೆ ಜೊತೆ ಇಲ್ಲ.

ಈ ದ್ವೀಪಗಳಲ್ಲಿ ಪುಟ್ಟ ರೈಲಿನ ರೂಢಿಯ ಲೆಕ್ಕ ಒಂದಡಿಗೆ ನಾಲ್ಕು ಮಿಲಿಮೀಟರು, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಅದರ ಪ್ರಕಾರ ಐರಿಷ್ ಹಳಿ ಸರಿಯಾಗಿ 21 ಮಿಲಿಮೀಟರು ಆಗುತ್ತದೆ. ಎಷ್ಟು ಚೆನ್ನಾದ ಸಂಖ್ಯೆ! ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5 ಮಿಲಿಮೀಟರಿನದು. ಅದರ ಮೇಲೆ ನಿಂತ ಐರಿಷ್ ಗಾಡಿ ಲೆಕ್ಕದಲ್ಲಿ ಒಂದು ಅಡಿಗೂ ಮಿಕ್ಕಿ ಕಾಲು ಕೂಡಿಸಿಕೊಂಡು ನಿಂತಿರುತ್ತದೆ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ. ಎದುರಿನಿಂದ ನೋಡಿದರೆ ಅದಕ್ಕೇ ನಾಚಿಕೆ, ನಮಗೂ ನಾಚಿಕೆ. ಹಟವಾದಿಗಳು ಒಂದೊಂದೇ ಸ್ಲೀಪರ್ ಅಂಟಿಸಿ, ಹಳಿ ಬೆಸೆದು, ಪ್ರತಿ ಗಾಲಿಯನ್ನೂ ಅಚ್ಚಿನ ಮೇಲೆ ಸರಿಸಿ 21 ಮಿಲಿಮೀಟರಿನ ರೈಲ್ವೆ ಕಟ್ಟುತ್ತಾರೆ. ಅವರ ಮುಂದೆ ನನ್ನಂಥವರು ಸ್ವಲ್ಪ ತಗ್ಗಿದ ದನಿಯಲ್ಲೇ ಮಾತಾಡುವುದು. ಆದರೆ ಅವರಲ್ಲಿ ಅನೇಕರ ಗಾಡಿ ಇನ್ನೂ ಹೊರಟಿಲ್ಲ, ನಮ್ಮದು ದಿನಾ ಓಡುತ್ತದೆ. ಇದನ್ನೂ ತಗ್ಗಿದ ದನಿಯಲ್ಲೇ ಹೇಳುತ್ತೇವೆ.

ಐರಿಷ್ ಗೂಡ್ಸ್ ಚಿಕ್ಕದಾಗಿರುವುದರ ಲಾಭ ಮನೆಗೆ ತಂದಾಗಲೇ ತಿಳಿಯುವುದು. ತೋರಣಗಲ್ಲಿನ ಕಡೆ ಓಡಾಡುವ 58 ವ್ಯಾಗನ್ನಿನ ಅದಿರು ಗಾಡಿಯನ್ನು ಇದೇ ಅಳತೆಗೆ ಇಳಿಸಿದರೆ ಎಂಟು ಮೀಟರು ದಾಟುತ್ತದೆ. ಎಂಜಿನ್ನು ಅಡುಗೆಮನೆಯಲ್ಲಿ, ಬಾಲ ಬಚ್ಚಲಲ್ಲಿ. ಬ್ಯಾಲಿನಾದ ಕಂಟೇನರ್ ಗಾಡಿ 18 ವ್ಯಾಗನ್ ಕಟ್ಟಿಕೊಂಡರೂ ನಾಲ್ಕು ಮೀಟರು ಮುಟ್ಟುವುದಿಲ್ಲ. ಒಂದು ಕೋಣೆಯ ಗೋಡೆಗೆ ಆನಿಸಿದರೆ ಒಂದು ದೇಶದ ಗೂಡ್ಸ್ ವ್ಯವಹಾರವೇ ಬಂದು ನಿಲ್ಲುತ್ತದೆ.

ನನಗೆ ಮೆಚ್ಚಿನದು ಮಾತ್ರ ಈಗ ಇಲ್ಲದ ಗಾಡಿ: ಬೀಟ್ ಗಾಡಿ. ಸಕ್ಕರೆ ಬೀಟ್ ಅಂದರೆ ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟ್ ಅಲ್ಲ. ಮಣ್ಣು ಮೆತ್ತಿಕೊಂಡ, ಮಾಸಲು ಬಿಳಿಯ, ದಪ್ಪ ಗಡ್ಡೆ. ವೆಕ್ಸ್‌ಫರ್ಡಿನ ರೈತರು ಅದನ್ನು ವೆಲ್ಲಿಂಗ್ಟನ್‌ಬ್ರಿಜ್ ಸ್ಟೇಷನ್ನಿಗೆ ತಂದು ಸುರಿಯುತ್ತಿದ್ದರು. ಚಳಿಗಾಲ ಹತ್ತಿರವಾದಂತೆ ಅಲ್ಲಿಂದ ಕಾರ್ಕ್ ಸೀಮೆಯ ಮ್ಯಾಲೊ ಸಕ್ಕರೆ ಕಾರ್ಖಾನೆಗೆ ಗಾಡಿಯ ಮೇಲೆ ಗಾಡಿ. ವ್ಯಾಗನ್ನುಗಳ ಚೆಂದ ನೋಡಿ: ನಾಲ್ಕು ಗಾಲಿಯ ಚಾಸಿ, ಅದರ ಮೇಲೆ ಹಳೆಯ ತೆರೆದ ಡಬ್ಬಿ, ಅದರ ನೆತ್ತಿಗೆ ಇನ್ನೊಂದು ಹಳೆಯ ಡಬ್ಬಿ. ಹೊಸದಕ್ಕೆ ದುಡ್ಡಿಲ್ಲದ ಇಲಾಖೆಯ ಜಾಣತನ ಎಲ್ಲ ದೇಶದಲ್ಲೂ ಒಂದೇ ಥರ. ಯುರೋಪಿನ ಸಕ್ಕರೆ ನೀತಿ ಬದಲಾಯಿತು, 2006ರಲ್ಲಿ ಮ್ಯಾಲೊ ಕಾರ್ಖಾನೆ ಮುಚ್ಚಿತು, ಬೀಟ್ ಗಾಡಿ ನಿಂತಿತು. ಆ ಮಾರ್ಗದ ಪ್ಯಾಸೆಂಜರ್ ಗಾಡಿಯೂ 2010ರಲ್ಲಿ ನಿಂತುಹೋಯಿತು.

ಬೀಟ್ ವ್ಯಾಗನ್ನಿಗೆ ಹೇರು ಬೇಕಲ್ಲ. ಒಂದು ಗಡ್ಡೆಯನ್ನು 76 ಪಾಲು ಕುಗ್ಗಿಸಿದರೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದೆ: ಒಂದೂವರೆ, ಎರಡು ಮಿಲಿಮೀಟರು. ಸಾಸಿವೆ! ನಮ್ಮ ಕರಿ ಸಾಸಿವೆ ಬಣ್ಣಕ್ಕೆ ಆಗದು, ಇಲ್ಲಿನ ಹಳದಿ ಸಾಸಿವೆಗೆ ಮಣ್ಣಿನ ಬಣ್ಣ ತೆಳ್ಳಗೆ ಬಳಿದರೆ ಅಡ್ಡಿಯಿಲ್ಲ. ಒಂದೇ ತೊಂದರೆ, ಸಾಸಿವೆ ತೀರ ದುಂಡಗೆ. ಅದಕ್ಕೆ ಕುಟ್ಟಾಣಿಯಲ್ಲಿ ಒಂದೇ ಏಟು, ಹೊಟ್ಟೆ ಒಡೆಯುವಷ್ಟು, ಪುಡಿಯಾಗದಷ್ಟು. ಡಬ್ಬಿಯೊಳಗೆ ಮುಕ್ಕಾಲು ಭಾಗ ಥರ್ಮೊಕೋಲ್ ಇಟ್ಟು, ಮೇಲೆ ಅಂಟು ಸವರಿ, ಸಾಸಿವೆ ಚೆಲ್ಲಬೇಕು. ಅಂಟು ಒಣಗುವವರೆಗೆ ಯಾರೂ ಸೀನಬಾರದು. "ರೀ, ಸಾಸಿವೆ ಡಬ್ಬಿ ಎಲ್ಲಿ?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂದಾಗ "ವೆಲ್ಲಿಂಗ್ಟನ್‌ಬ್ರಿಜ್‌ನಲ್ಲಿ" ಎಂದು ಹೇಳಿ ಒಮ್ಮೆ ಬೈಸಿಕೊಂಡದ್ದೂ ಆಯಿತು. ಮೇಯೊ ದಿಮ್ಮಿಗಳ ಕಥೆಯೂ ಇಂಥದ್ದೇ. ತೆಂಗಿನ ಕಡ್ಡಿಪೊರಕೆಯ ಬುಡದ ಕಡ್ಡಿ ಎರಡು ಮಿಲಿಮೀಟರು ದಪ್ಪ ಇರುತ್ತದೆ, ಅಳತೆಗೆ ಹೇಳಿ ಮಾಡಿಸಿದ್ದು. ಊರಿಂದ ಬಂದ ಪೊರಕೆ ಅದು, ಈಗ ಅರ್ಧಕ್ಕೆ ಬೋಳಾಗಿದೆ.

ಒಂದು ಮಾಡೆಲ್ ರೈಲು ಪ್ರದರ್ಶನದಲ್ಲಿ ಹೀಗೇ ಒಂದು ಬೀಟ್ ಗಾಡಿ ಓಡುತ್ತಿತ್ತು. ಹಗ್ಗದಾಚೆ ನಿಂತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, "ಎಲ್ಲ ಸರಿಯಾಗಿದೆ. ಆದರೆ ಹಳಿ ಪಕ್ಕ ಒಂದೂ ಬೀಟ್ ಬಿದ್ದಿಲ್ಲವಲ್ಲ" ಅಂದರು. ಮೊದಲಾದರೆ ಸ್ಟೇಷನ್ನಿನ ಸುತ್ತ ಬಿದ್ದ ಗಡ್ಡೆಗಳನ್ನು ಮನೆಯ ಹಂದಿಗಳಿಗೆ ಆರಿಸಿಕೊಂಡು ಹೋಗುತ್ತಿದ್ದರಂತೆ. ಗಾಡಿಯ ಒಡೆಯ ಮರುಮಾತಾಡದೆ ಚಿಮುಟದಲ್ಲಿ ನಾಲ್ಕು ಕಾಳು ಎತ್ತಿ ಹಳಿಯ ಪಕ್ಕ ಉದುರಿಸಿದ. ಆಮೇಲೆ ಹಿರಿಯರು ಕದಲಿದರು.

ಒಂದು ಕಾರ್ಖಾನೆ, ಒಂದು ಗಾಡಿ: ಇಲ್ಲಿನ ಲೆಕ್ಕ ಬಹುಪಾಲು ಹೀಗೆ. ಕಿಲ್ಲಾಲದ ಅಸಾಹಿ ನೂಲಿನ ಕಾರ್ಖಾನೆ 1997ರಲ್ಲಿ ಮುಚ್ಚಿದಾಗ ಅದರ ರಾಸಾಯನಿಕದ ಗಾಡಿ ಹೋಯಿತು. 2002ರಲ್ಲಿ ಗೊಬ್ಬರದ ಕಂಪನಿ ಮುಳುಗಿದಾಗ ಅಮೋನಿಯಾ ಗಾಡಿ ಹೋಯಿತು. ಗಿನ್ನೆಸ್ ಬಿಯರಿನ ಪೀಪಾಯಿಗಳು 2006ರಲ್ಲಿ ಲಾರಿ ಹತ್ತಿದವು. ಬಬಲ್ ಎಂದು ಕರೆಯುತ್ತಿದ್ದ ಗುಂಡು ಹೊಟ್ಟೆಯ ಸಿಮೆಂಟ್ ವ್ಯಾಗನ್ನುಗಳೂ ಹೋದವು. ಹೋದವೆಲ್ಲ ಎಲ್ಲಿ ಸೇರಿವೆ ಎಂದರೆ ನಮ್ಮ ಶೆಲ್ಫುಗಳಲ್ಲಿ. ಐರಿಷ್ ರೈಲ್ವೇ ಮಾಡೆಲ್ಸ್ ಎಂಬ ಕಂಪನಿ ಇವುಗಳಲ್ಲಿ ಹಲವನ್ನು ಬೋಲ್ಟು ತಪ್ಪದಂತೆ ತಯಾರಿಸಿ ಮಾರುತ್ತದೆ. ಮುಂಚೆ ಈ ಸೌಭಾಗ್ಯ ಇರಲಿಲ್ಲ. ಡಬ್ಲಿನ್ನಿನ ಇಂಚಿಕೋರ್ ರೈಲ್ವೆ ವರ್ಕ್‌ಶಾಪಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಸಿರಿಲ್ ಫ್ರೈ ತಮ್ಮ ಗಾಡಿಗಳನ್ನು ಕೈಯಾರೆ ಮಾಡಿಕೊಂಡರು. ಮ್ಯಾಲಹೈಡ್‌ನ ಕಸಿನೊ ಮ್ಯೂಸಿಯಮ್ಮಿನಲ್ಲಿ ಅವು ಈಗಲೂ ಇವೆ. ಈ ಹೊತ್ತು ನಿಜವಾದ ಹಳಿಯ ಮೇಲೆ ಓಡುವುದಕ್ಕಿಂತ ಹೆಚ್ಚು ಬಗೆಯ ಐರಿಷ್ ಗೂಡ್ಸ್ ಒಂದು ಸಾಧಾರಣ ಮನೆಯ ಅಟ್ಟದ ಮೇಲೆ ಓಡಬಲ್ಲದು.

ಸರ್ಕಾರಕ್ಕೂ ಇದು ಹೊಳೆದಿರಬೇಕು. ಇಲ್ಲಿನ ಸರ್ಕಾರಿ ರೈಲ್ವೆಯಾದ ಐರಿಷ್ ರೈಲ್‌ನವರು 2021ರಲ್ಲಿ "ರೈಲ್ ಫ್ರೈಟ್ 2040" ಎಂಬ ಯೋಜನೆ ಹೊರಡಿಸಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಮುಳ್ಳುಪೊದೆಯಲ್ಲಿ ಮುಚ್ಚಿಹೋಗಿದ್ದ ಲಿಮೆರಿಕ್-ಫಾಯ್ನ್ಸ್ ಮಾರ್ಗವನ್ನು ಬಂದರಿನ ಸರಕಿಗಾಗಿ ಮತ್ತೆ ಕಟ್ಟುವ ಕೆಲಸ 2023ರಲ್ಲಿ ಶುರುವಾಯಿತು. ನನ್ನ ಹಲಗೆಯ ಎಡತುದಿಯಲ್ಲಿ ಇನ್ನೂ ಒಂದೂವರೆ ಅಡಿ ಜಾಗ ಖಾಲಿ ಇದೆ. ಫಾಯ್ನ್ಸ್ ಹಳಿಯ ಮೇಲೆ ಏನು ಓಡುತ್ತದೋ ನೋಡಿಕೊಂಡು ಅಲ್ಲಿ ಏನು ಕಟ್ಟುವುದೆಂದು ನಿರ್ಧರಿಸೋಣ ಅಂತ ನಾನು. ಇಸ್ತ್ರಿ ಮಾಡಲು ಮನೆಯಲ್ಲಿ ಜಾಗವೇ ಇಲ್ಲ ಅಂತ ಮನೆಯಾಕೆ.