ಕುಂಕುಮ ಕಪ್ಪಾಗಿ ಕಾಣುವ ಭಾವಚಿತ್ರಗಳು

ದಾವಣಗೆರೆಯ ಹಳೆಯ ಮನೆಗಳ ಪಡಸಾಲೆಯಲ್ಲಿ, ಗೋಡೆಯಿಂದ ತುಸು ಮುಂದಕ್ಕೆ ಬಾಗಿದಂತೆ ತೂಗುಹಾಕಿರುವ ಭಾವಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಆ್ಯಪ್‌ನಿಂದ ಬಣ್ಣ ತುಂಬಿಸಿ, ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕುವುದು ಈಚೆಗೆ ರೂಢಿಯಾಗಿದೆ. ಈ ರೂಢಿಯ ಬಗ್ಗೆ ನನಗೆ ತಕರಾರಿದೆ. ಅಜ್ಜಿಯ ಹಣೆಯ ಮೇಲಿನ ಕಾಸಿನಗಲದ ಕುಂಕುಮವನ್ನು ಆ್ಯಪ್ ಕಪ್ಪಾಗಿಯೇ ಉಳಿಸುತ್ತದೆ. ನೋಡಿದ ಮೊಮ್ಮಕ್ಕಳು ಅಜ್ಜಿ ಕಪ್ಪು ಸಾದಿನ ಬೊಟ್ಟು ಇಡುತ್ತಿದ್ದರೆಂದು ನಂಬುತ್ತಾರೆ.

ಆ ಕಪ್ಪು ಬಂದದ್ದು ಆಗ ಕ್ಯಾಮೆರಾದೊಳಗೆ ಚಿತ್ರ ಹಿಡಿಯಲು ಇಡುತ್ತಿದ್ದ ಗಾಜಿನ ಪ್ಲೇಟಿನಿಂದ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದ ಹಸಿ ಪ್ಲೇಟಿಗೆ ನೀಲಿ, ನೇರಳೆ ಬೆಳಕಷ್ಟೇ ತಾಕುತ್ತಿತ್ತು; ತಾಕದ ಬಣ್ಣ ಪ್ರಿಂಟಿನಲ್ಲಿ ಕಪ್ಪಾಗಿ ಬರುತ್ತಿತ್ತು. ರಸಾಯನ ಸವರಿದ ಗಾಜು ಒಣಗುವ ಮೊದಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕಿದ್ದ ಆ ಕೆಲಸಕ್ಕೆ ನಮ್ಮ ಬಯಲುಸೀಮೆಯ ಬೇಸಿಗೆ ಎಷ್ಟು ಹೊತ್ತು ಕೊಟ್ಟೀತು? 1871ರ ನಂತರ ರೂಪುಗೊಂಡ ಜೆಲಟಿನ್ ಒಣ ಪ್ಲೇಟುಗಳು ಆ ಧಾವಂತವನ್ನು ತಪ್ಪಿಸಿದವು. 1873ರಲ್ಲಿ ಹರ್ಮನ್ ಫೋಗೆಲ್ ಕಂಡುಕೊಂಡ, ಬಣ್ಣದ ರಸಾಯನ ಬೆರೆಸುವ ಉಪಾಯದಿಂದ ಪ್ಲೇಟಿಗೆ ಹಸಿರೂ ದಕ್ಕಿತು. ಕೆಂಪು ಮಾತ್ರ ಬಹುಕಾಲ ಹೊರಗೇ ಉಳಿಯಿತು. ಸ್ಟುಡಿಯೋದವರಿಗೆ ಅದರಿಂದ ಅನುಕೂಲವೇ ಇತ್ತು: ಕೆಂಪು ತಾಕದ ಪ್ಲೇಟನ್ನು ಡಾರ್ಕ್‌ರೂಮಿನ ಕೆಂಪು ದೀಪದ ಕೆಳಗೆ, ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತಲೇ ತೊಳೆಯಬಹುದಿತ್ತು. ಆ ದೀಪ ಉರಿಯಲು ಬಿಟ್ಟ ಕೆಂಪುಗುರುಡೇ ಕುಂಕುಮವನ್ನು ಕಪ್ಪಾಗಿಸಿತು.

ಅದೇ ಕುರುಡು ನಮ್ಮ ಮೈಬಣ್ಣವನ್ನೂ ಇದ್ದುದಕ್ಕಿಂತ ಗಾಢವಾಗಿ ತೋರಿಸುತ್ತಿತ್ತು. ಅದನ್ನು ಸರಿದೂಗಿಸುವ ಹೊಣೆ ರಿಟಚ್ ಮಾಡುವವನದು. ಹಿಂದಿನಿಂದ ಬೆಳಕು ಬೀಳುವ ಓರೆ ಚೌಕಟ್ಟಿನಲ್ಲಿ ನೆಗೆಟಿವನ್ನು, ಅಂದರೆ ತೊಳೆದ ಪ್ಲೇಟನ್ನು, ಇಟ್ಟು, ಮುಖದ ಭಾಗಕ್ಕೆ ರಾಳ ಬೆರೆಸಿದ ಟರ್ಪೆಂಟೈನ್ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಅವನು ಸಣ್ಣ ಸಣ್ಣ ಗೆರೆ ಎಳೆಯುತ್ತಿದ್ದ. ನೆಗೆಟಿವಿನಲ್ಲಿ ಪೆನ್ಸಿಲ್ ತಾಕಿದಲ್ಲೆಲ್ಲ ಪ್ರಿಂಟಿನಲ್ಲಿ ಬಿಳುಪು. ಗಂಡಿನ ಮನೆಗೆ ತೋರಿಸಲೆಂದು ತೆಗೆಸಿದ ಫೋಟೊಗಳಲ್ಲಿ ಈ ಪೆನ್ಸಿಲ್ ಧಾರಾಳವಾಗಿಯೇ ಓಡಿದೆ. (ಬಿಳುಪಿನ ಹುಚ್ಚು ಮೊಬೈಲ್ ಫಿಲ್ಟರಿನಿಂದ ಶುರುವಾಯಿತೆನ್ನುವವರು ಒಮ್ಮೆ ಭೂತಗನ್ನಡಿ ಹಿಡಿದು ನೋಡಬೇಕು.) ನುಣುಪು ಮಾಡುವ ನೆಪದಲ್ಲಿ ಆ್ಯಪ್ ಮೊದಲು ಅಳಿಸುವುದು ಈ ಕೈಕೆಲಸವನ್ನೇ.

ಬದುಕಿದ್ದಾಗ ಸ್ಟುಡಿಯೋ ಮೆಟ್ಟಿಲು ಹತ್ತದ ಎಷ್ಟೋ ಹಿರಿಯರಿಗೆ ಇರುವುದು ಒಂದೇ ಫೋಟೊ: ಲಿಂಗಾಯತ ಪದ್ಧತಿಯಂತೆ ವಿಭೂತಿ ಧರಿಸಿ, ಹೂಮಾಲೆ ಹಾಕಿ ಕುಳ್ಳಿರಿಸಿದ ಪಾರ್ಥಿವ ಶರೀರದ್ದು, ಸುತ್ತ ಮನೆಮಂದಿ. ಅಂಥ ಚಿತ್ರಕ್ಕೂ ಕಣ್ಣು ತೆರೆಸಿ ನಗಿಸುವ ಆ್ಯಪ್‌ಗಳು ಈಗ ಬಂದಿವೆ. ಅದನ್ನು ಪ್ರೀತಿ ಎನ್ನಲು ನನಗೆ ಮನಸ್ಸಾಗದು.

ಬಣ್ಣದ ಪ್ರತಿ ಬೇಕೆನ್ನುವವರು ಮಾಡಿಸಿಕೊಳ್ಳಲಿ. ಆದರೆ ಮೂಲವನ್ನು ಅದರ ರಟ್ಟಿನ ಸಮೇತ ಇಟ್ಟುಕೊಳ್ಳಲಿ. ಸ್ಟುಡಿಯೋದ ಹೆಸರು, ಊರು, ಕೆಲವೊಮ್ಮೆ ನೆಗೆಟಿವಿನ ಸಂಖ್ಯೆ ಇರುವುದು ಅಲ್ಲಿಯೇ, ಮತ್ತು ಹೊಸ ಫ್ರೇಮು ಹಾಕಿಸುವಾಗ ಮೊದಲು ಕಸಕ್ಕೆ ಹೋಗುವುದೂ ಅದೇ.