ಬೊಗ್ಗುವಿನ ಹಿಂದೆ ಗುಂಪೆಗೆ

ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡಕ್ಕೆ ನಾಯಿಯನ್ನು ಕರೆದುಕೊಂಡು ಹೋಗಿದ್ದೆ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಹಗ್ಗದ ಯಾವ ತುದಿಯಲ್ಲಿ ಯಜಮಾನ ಇದ್ದಾನೆ ಎನ್ನುವುದು ಧರ್ಮತ್ತಡ್ಕ ದಾಟುವ ಮೊದಲೇ ತೀರ್ಮಾನವಾಗಿತ್ತು.

ಡಿಸೆಂಬರ್ ಬೆಳಿಗ್ಗೆ. ಚೀಲದಲ್ಲಿ ಬಾಳೆಲೆಯಲ್ಲಿ ಬೇಯಿಸಿದ ಕಡುಬು, ನಮ್ಮ ಕಡೆಯ ಕೊಟ್ಟಿಗೆ, ನಾಲ್ಕು, ನೀರು ಎರಡು ಬಾಟಲಿ, ಬೊಗ್ಗುವಿಗೆ ಕುಡಿಯಲು ಅಡಿಕೆ ಹಾಳೆಯ ಒಂದು ತಟ್ಟೆ. ದಾರಿಯಲ್ಲಿ ಸಿಕ್ಕಿದವರು ನನ್ನನ್ನು ಬಿಟ್ಟು ಅವನನ್ನು ಮಾತಾಡಿಸಿದರು. ಒಬ್ಬರು ತುಳುವಿನಲ್ಲಿ ‘ಬಲ’ ಎಂದರು, ಇನ್ನೊಬ್ಬರು ಮಲಯಾಳದಲ್ಲಿ ‘ವಾ’, ಒಬ್ಬರು ಅಜ್ಜಿ ‘ಬಾ ಮಗ’. ಕಾಸರಗೋಡು ಏಳು ಭಾಷೆಗಳ ನಾಡು ಅಂತ ಭಾಷಣ ಬಿಗಿಯುತ್ತೇವಲ್ಲ, ಬೊಗ್ಗುವಿಗೆ ಏಳೂ ಬರುತ್ತವೆ, ಕರೆದವರ ಕೈಯಲ್ಲಿ ಬಿಸ್ಕತ್ತು ಇದ್ದರೆ. ನಾನು ಕರೆದಾಗ ಮಾತ್ರ ಒಂದೂ ಬರುವುದಿಲ್ಲ.

ತೋಟದ ಮೇಲ್ಬದಿಯಲ್ಲಿ ಒಂದು ಸುರಂಗ. ಬಾವಿಯನ್ನು ಕೆಳಕ್ಕೆ ತೋಡದೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು ನೀರು ತರುವುದು ನಮ್ಮ ಕಡೆಯ ಹಳೆಯ ಕಸುಬು. ಬೊಗ್ಗು ಬಾಯಿಯ ಹತ್ತಿರ ನಿಂತು ಒಳಗಿನ ಕತ್ತಲಿಗೆ ಒಮ್ಮೆ ಬೊಗಳಿದ. ಒಳಗಿನವನೂ ಬೊಗಳಿದ. ಇವನು ಇನ್ನೂ ಜೋರಾಗಿ ಬೊಗಳಿದ, ಅವನೂ ಬಿಡಲಿಲ್ಲ. ಕೊನೆಗೆ ಬಾಲ ಮಡಚಿ ನನ್ನ ಕಾಲಸಂದಿಗೆ ಬಂದ. ಆಮೇಲೆ ಹತ್ತು ನಿಮಿಷ ನನ್ನ ಮಾತು ಕೇಳಿದ್ದೇ ಕೇಳಿದ್ದು!

ಮೇಲೆ ಮುಳಿಹುಲ್ಲಿನ ಬೋಳುಗುಡ್ಡ. ನನಗೆ ಬೇಕಾದದ್ದು ಗುಡ್ಡದ ತುದಿ, ಅವನಿಗೆ ಹುಲ್ಲಿನ ಬುಡ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 60 ಲಕ್ಷ, ನಾಯಿಗೆ 10 ಕೋಟಿಗೂ ಜಾಸ್ತಿ. ಹಾಗಾಗಿ ನನಗೆ ಬರೀ ಹುಲ್ಲು ಕಾಣುವಲ್ಲಿ ಅವನಿಗೆ ರಾತ್ರಿಯಿಡೀ ನಡೆದ ಸಂತೆಯೇ ಸಿಗುತ್ತದೆ. ಒಂದು ಬುಡದ ಹತ್ತಿರವಂತೂ ಎಡಗಾಲು ಊರಿ ನಿಂತವನು ಅಲುಗಲಿಲ್ಲ. ಎಳೆದೆ, ಬೈದೆ, ಕೊನೆಗೆ ಸುಮ್ನೆ ಪಕ್ಕದಲ್ಲಿ ಕುಳಿತು ಒಂದು ಕೊಟ್ಟಿಗೆ ತಿಂದೆ.

ತುದಿಯಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ನೀಲಿ ಸಾಲು. ‘ನೋಡೋ’ ಎಂದು ಅವನ ತಲೆ ಹಿಡಿದು ತಿರುಗಿಸಿದೆ. ಅವನು ನನ್ನ ಬೆರಳು ಮೂಸಿದ. ಕೊಟ್ಟಿಗೆಯ ವಾಸನೆ ಇತ್ತು, ಅಲ್ವಾ.

ಇಳಿಯುವಾಗ ಹನ್ನೊಂದು ದಾಟಿತ್ತು. ಕಾಲಡಿಯ ಈ ಕೆಂಪು ಮುರಕಲ್ಲಿಗೆ ಬುಕಾನನ್ ಎಂಬ ದೊರೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ, ಲ್ಯಾಟಿನ್ನಿನ ‘ಇಟ್ಟಿಗೆ’ಯಿಂದ. ಆ ಹೊತ್ತಿಗೆ ಅದು ಗೂಡಿನಿಂದ ಆಗಷ್ಟೇ ತೆಗೆದ ಇಟ್ಟಿಗೆ. ಕೈಯ ಹಿಂಬದಿ ಇಟ್ಟು ನೋಡಿದೆ, ಐದು ಎಣಿಸಲು ಆಗಲಿಲ್ಲ. ನನಗೆ ಚಪ್ಪಲಿ ಇದೆ, ಅವನು ಬರಿಗಾಲಿನವನು. ಬೆವರುವುದಕ್ಕೂ ಅವನಿಗಿರುವುದು ಆ ಅಂಗಾಲು ಮಾತ್ರ, ಉಳಿದ ಸೆಕೆಯೆಲ್ಲ ನಾಲಿಗೆಯಿಂದ ಹೋಗಬೇಕು. ಗೇರುಮರದ ನೆರಳಿನಲ್ಲಿ ಹಾಳೆಗೆ ನೀರು ಸುರಿದು, ಬಿಸಿಲು ಇಳಿಯುವವರೆಗೆ ಇಬ್ಬರೂ ಮಲಗಿದೆವು.

ಸಂಜೆ ಜಗಲಿಯಲ್ಲಿ ಅವನ ಕಿವಿಯ ಉಣ್ಣಿ ಹೆಕ್ಕುತ್ತಿದ್ದೆ. ನೆರೆಮನೆಯವರು ತಮ್ಮ ನಾಯಿಯೊಂದಿಗೆ ಬಂದು, ‘ಕಡಲು ಕಂಡಿತಾ?’ ಎಂದರು. ಕಂಡಿತು ಎಂದೆ. ಅವರ ವಿಚಾರಣೆ ಅಷ್ಟಕ್ಕೇ ಮುಗಿಯಿತು. ಅವರ ನಾಯಿ ಮಾತ್ರ ಬೊಗ್ಗುವನ್ನು ಮೂತಿಯಿಂದ ಬಾಲದವರೆಗೆ ಸಾವಕಾಶ ಮೂಸುತ್ತಾ ಹೋಯಿತು. ಎಡ ಮುಂಗಾಲಿಗೆ ಬಂದದ್ದು ಅಲ್ಲೇ ನಿಂತುಬಿಟ್ಟಿತು. ಅವರು ಎಳೆದರು, ಬೈದರು. ಅದು ಅಲುಗಲಿಲ್ಲ.